ಮೇಸ್ತ್ರಿ ಹೇಳಿದ ಜ್ವರ

ತೀರ್ಥಹಳ್ಳಿ ಸೀಮೆಯ ಒಂದು ಅಡಿಕೆ ತೋಟ. ಕೊಯ್ಲು ಮುಗಿದಿತ್ತು. ಸೊಪ್ಪಿನ ಬೆಟ್ಟದಲ್ಲಿ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರುವ ಕೆಲಸ ನಡೆದಿತ್ತು. ಮೊದಲೆಲ್ಲ ಊರಿನವರೇ ಮಾಡುತ್ತಿದ್ದ ಕೆಲಸ ಇದು. ಈಗ ಆಳು ಸಿಗುವುದಿಲ್ಲ ಅಂತ ಜಾರ್ಖಂಡ್, ಅಸ್ಸಾಂ, ಒಡಿಶಾ ಕಡೆಯವರನ್ನು ಕರೆಸುತ್ತಾರೆ. ಈ ತೋಟದ ಬಿಡಾರದಲ್ಲೂ ಅಂಥ ಐದು ಸಂಸಾರ ಇದ್ದವು. ಅದರಲ್ಲಿ ಒಂದು ಜಾರ್ಖಂಡ್‌ನ ದುಮ್ಕಾ ಕಡೆಯದು. ಗಂಡ, ಹೆಂಡತಿ, ಒಂಬತ್ತು ವರ್ಷದ ಮಗ. ಫೆಬ್ರವರಿಯಲ್ಲಿ ಆ ತಾಯಿಗೆ ಜ್ವರ ಬಂತು.

ನಾನು ಶಿವಮೊಗ್ಗದಲ್ಲಿ ಒಂದು ಸಣ್ಣ ಗುಂಪಿನ ಜೊತೆ ಕೆಲಸ ಮಾಡುತ್ತೇನೆ. ಹೊರ ರಾಜ್ಯದ ಕೂಲಿಯವರಿಗೆ ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ ಮಾತಿಗೆ ಜನ, ಅಂದರೆ ದುಭಾಷಿಗಳನ್ನು, ಒದಗಿಸುವುದು ನಮ್ಮ ಕೆಲಸ. ಈ ಪ್ರಕರಣ ನಮ್ಮ ಕೈಗೆ ಬಂದಿದ್ದು ಅರ್ಧ ದಾರಿಯಲ್ಲಿ. ಮೊದಲರ್ಧವನ್ನು ಸಂಬಂಧಪಟ್ಟವರಿಂದ ಆಮೇಲೆ ಕೇಳಿ ತಿಳಿದುಕೊಂಡೆ. ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ಮೊದಲು ಭಾಷೆಯ ವಿಷಯ. ಜಾರ್ಖಂಡ್‌ನವರು ಅಂದ ಕೂಡಲೇ ನಮ್ಮಲ್ಲಿ ‘ಹಿಂದಿಯವರು’ ಅಂದುಬಿಡುತ್ತಾರೆ. ಈ ಸಂಸಾರದ ಮನೆಮಾತು ಸಂತಾಲಿ. ಅದು ಹಿಂದಿಯ ಬಂಧುವಲ್ಲ, ಕನ್ನಡದ ಬಂಧುವೂ ಅಲ್ಲ. ಆಸ್ಟ್ರೋ-ಏಷ್ಯಾಟಿಕ್ ಎಂಬ ಬೇರೆಯೇ ಕುಟುಂಬ. ಅದಕ್ಕೆ ಓಲ್ ಚಿಕಿ ಎಂಬ ಸ್ವಂತ ಲಿಪಿ ಇದೆ. 2003ರ ತಿದ್ದುಪಡಿಯಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೂ ಸೇರಿತು. ಗಂಡನಿಗೆ ಸಂತೆ ವ್ಯಾಪಾರಕ್ಕೆ ಸಾಕಾಗುವಷ್ಟು ಹಿಂದಿ ಬರುತ್ತಿತ್ತು. ಹೆಂಡತಿಗೆ ಅಷ್ಟೂ ಇಲ್ಲ. ಮಗ ಊರಿನ ಸರ್ಕಾರಿ ಶಾಲೆಗೆ ಹೋಗುತ್ತಿದ್ದ, ಅಪ್ಪ ಅಮ್ಮನಿಗಿಂತ ಚೆನ್ನಾಗಿ ಕನ್ನಡ ಕಲಿತಿದ್ದ. ಇವರನ್ನೆಲ್ಲ ಕರೆತಂದ ಮೇಸ್ತ್ರಿ ಇಪ್ಪತ್ತೆಂಟರ ಹುಡುಗ. ಹಿಂದಿ, ಕನ್ನಡ ಎರಡೂ ಸಲೀಸು, ಸಂತಾಲಿ ಅಲ್ಪಸ್ವಲ್ಪ.

ಹತ್ತಿರದ ಆಸ್ಪತ್ರೆಗೆ ಆ ತಾಯಿಯನ್ನು ಬೈಕಿನಲ್ಲಿ ಕರೆತಂದಿದ್ದು ಮೇಸ್ತ್ರಿಯೇ. ಗಂಡ ಬಸ್ಸಿನಲ್ಲಿ ಬಂದು ಹೊರಗೆ ನಿಂತಿದ್ದರು. ಒಳಗೆ ನಡೆದ ಮಾತು ಹೀಗೆ.

‘ಎಷ್ಟು ದಿನದಿಂದ ಜ್ವರ?’

‘ನಿನ್ನೆಯಿಂದ ಸಾರ್.’

‘ಕಾಡಿಗೆ ಹೋಗಿದ್ರಾ?’

‘ಇಲ್ಲ ಸಾರ್, ಬಿಡಾರದಲ್ಲಿ ಅಡುಗೆ ಮಾಡ್ಕೊಂಡು ಇರ್ತಾರೆ.’

‘ಆ ಕಡೆ ಮಂಗ ಗಿಂಗ ಸತ್ತಿದ್ದು ಏನಾದ್ರೂ?’

‘ಇಲ್ಲ ಇಲ್ಲ.’

‘ಮಾತ್ರೆ ಏನಾದ್ರೂ ತಗೊಂಡಿದಾರಾ?’

‘ಇಲ್ಲ.’

ಡಾಕ್ಟರ್ ಕೇಳಿದ್ದರಲ್ಲಿ ಒಂದೂ ತಪ್ಪಿಲ್ಲ. ಫೆಬ್ರವರಿ ತಿಂಗಳು, ಮಲೆನಾಡು, ಜ್ವರ ಅಂದರೆ ಯಾವ ವೈದ್ಯರಿಗೂ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗ ಗೊತ್ತಾದ ರೋಗ. ವೈರಾಣು ಸೇರುವುದು ಉಣುಗು, ಅಂದರೆ ರಕ್ತ ಹೀರುವ ಉಣ್ಣಿ, ಕಚ್ಚಿದಾಗ. ಡಿಸೆಂಬರ್‌ನಿಂದ ಮೇವರೆಗೆ, ಮರಿ ಉಣುಗುಗಳು ತರಗೆಲೆಯಲ್ಲಿ ತುಂಬಿರುವಾಗ, ಇದರ ಕಾಟ ಜಾಸ್ತಿ. ಇದಕ್ಕೆ ನೇರವಾದ ಔಷಧಿ ಇಲ್ಲ. ಬೇಗ ಗುರುತಿಸಿ, ನೀರಿನಂಶ ಕಾಯ್ದುಕೊಂಡು, ರಕ್ತಸ್ರಾವದ ಮೇಲೆ ಕಣ್ಣಿಟ್ಟಿರಬೇಕು ಅಷ್ಟೇ. ಜ್ವರ ಎಷ್ಟನೇ ದಿನದ್ದು ಎಂಬುದರ ಮೇಲೆ ಯಾವ ರಕ್ತಪರೀಕ್ಷೆ ಎಂಬುದೂ ನಿಂತಿದೆ. ಮೊದಲ ದಿನಗಳಲ್ಲಿ ವೈರಾಣುವನ್ನೇ ಹುಡುಕುವ ಪರೀಕ್ಷೆ, ಆಮೇಲಾದರೆ ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯದ ಪರೀಕ್ಷೆ. ಅಂದಮೇಲೆ ‘ಎಷ್ಟು ದಿನ’ ಎಂಬುದು ಸುಮ್ನೆ ಕೇಳುವ ಪ್ರಶ್ನೆಯಲ್ಲ.

ಪ್ರಶ್ನೆ ಸರಿ ಇತ್ತು, ಕೇಳಿದ್ದು ಯಾರನ್ನು ಅನ್ನುವುದೇ ತೊಡಕು. ಮೇಸ್ತ್ರಿ ಒಂದು ಸಲವೂ ಆ ತಾಯಿಯ ಕಡೆ ತಿರುಗಲಿಲ್ಲ. ನಾಲ್ಕಕ್ಕೆ ನಾಲ್ಕೂ ಉತ್ತರ ಅವನ ಸ್ವಂತದ್ದು. ನಾಲ್ಕೂ ಸುಳ್ಳು. ಜ್ವರ ಬಂದು ನಾಲ್ಕು ದಿನವಾಗಿತ್ತು. ಬೆಟ್ಟಕ್ಕೆ ದರಗಿಗೆ ಕಳಿಸಿದ್ದು ಅವನೇ. ಮೈಕೈ ನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದುಕೊಟ್ಟವನೂ ಅವನೇ. ಸತ್ತ ಮಂಗದ ವಿಷಯ ಮಾತ್ರ ಅವನಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಅನ್ನುವ ಬದಲು ಇಲ್ಲ ಅಂದ. ಡಾಕ್ಟರ್ ಪ್ಯಾರಾಸಿಟಮಾಲ್ ಕೊಟ್ಟು, ಕಡಿಮೆಯಾಗದಿದ್ದರೆ ಮತ್ತೆ ಬನ್ನಿ ಅಂದರು.

ಮೂರು ದಿನ ಬಿಟ್ಟು ಕರೆದುಕೊಂಡು ಬರುವಾಗ ಆಕೆಗೆ ಎದ್ದು ನಿಲ್ಲಲು ಆಗುತ್ತಿರಲಿಲ್ಲ. ಕಣ್ಣು ಕೆಂಪಗೆ, ವಾಂತಿ. ಅಲ್ಲಿಂದ ಶಿವಮೊಗ್ಗದ ದೊಡ್ಡ ಆಸ್ಪತ್ರೆಯೊಂದಕ್ಕೆ ಬರೆದುಕೊಟ್ಟರು. ಗಾಡಿ ಬಾಡಿಗೆ ಕೊಟ್ಟಿದ್ದು ತೋಟದ ಯಜಮಾನರು. ವಾರ್ಡು ಸೇರುವಾಗ ರಾತ್ರಿ. ಮೇಸ್ತ್ರಿ ಚೀಟಿ ಮಾಡಿಸಲು ಕೆಳಗೆ ಹೋಗಿದ್ದ, ಗಂಡ ಅವನ ಹಿಂದೆ. ಮಂಚದ ಪಕ್ಕ ಇದ್ದಿದ್ದು ಮಗ ಒಬ್ಬನೇ. ನರ್ಸಿಗೆ ಕೇಸ್‌ಶೀಟ್ ತುಂಬಬೇಕಿತ್ತು. ಹುಡುಗ ಕನ್ನಡ ಮಾತಾಡುವುದು ಕಂಡು ಅವರಿಗೆ ಸಮಾಧಾನವಾಯಿತು.

‘ನಿಮ್ಮಮ್ಮನಿಗೆ ಬಾಯಲ್ಲಿ ರಕ್ತ ಬರ್ತದಾ ಕೇಳೋ ಪುಟ್ಟಾ. ಕಕ್ಕಸ್ಸಿಗೆ ಹೋದ್ರೆ ಕಪ್ಪಗೆ ಹೋಗ್ತದಾ? ಮುಟ್ಟು ಯಾವಾಗ ಆಗಿದ್ದು?’

ಹುಡುಗ ತಲೆ ತಗ್ಗಿಸಿದ. ಅಂಗಿಯ ಕೆಳಗಿನ ಗುಂಡಿ ತಿರುಗಿಸುತ್ತಾ ನಿಂತ. ಆಮೇಲೆ ‘ಇಲ್ಲ’ ಅಂದ. ಮೂರಕ್ಕೂ ಸೇರಿಸಿ ಒಂದೇ ಇಲ್ಲ. ಪಕ್ಕದ ಮಂಚದ ರೋಗಿಯನ್ನು ನೋಡಿಕೊಳ್ಳಲು ಬಂದಿದ್ದ ಹೆಂಗಸೊಬ್ಬರು ಇದನ್ನು ನೋಡಿದ್ದರು. ‘ಅಮ್ಮನ್ನ ಕೇಳಲೇ ಇಲ್ಲ ಅವ್ನು’ ಅಂತ ಆಮೇಲೆ ನಮಗೆ ಹೇಳಿದರು. ಮುಟ್ಟಿನ ಪ್ರಶ್ನೆಯನ್ನು ಯಾವ ಮಗ ತಾಯಿಗೆ ಕೇಳಿಯಾನು? ಹಾಗೆ ನೋಡಿದರೆ ನರ್ಸಿನ ಮೇಲೆ ನನಗೆ ಸಿಟ್ಟಿಲ್ಲ. ರಾತ್ರಿ ಪಾಳಿ, ವಾರ್ಡು ತುಂಬಾ ಜನ, ಮಾತು ಬರುವವನು ಅಂತ ಇದ್ದವನು ಅವನೊಬ್ಬ. ಆದರೆ ಒಸಡಿನಿಂದ ಎರಡು ದಿನದಿಂದ ರಕ್ತ ಬರುತ್ತಿದ್ದ ಹೆಂಗಸಿನ ಹಾಳೆಯಲ್ಲಿ ರಕ್ತಸ್ರಾವ ಇಲ್ಲ ಅಂತ ದಾಖಲಾಯಿತು.

ಕೈಗೆ ಸಿಕ್ಕವರನ್ನು ದುಭಾಷಿ ಮಾಡಿದರೆ ಏನಾಗುತ್ತದೆ ಎಂದು ಅಮೆರಿಕದ ಮಕ್ಕಳ ವೈದ್ಯರು ಲೆಕ್ಕ ಹಾಕಿ 2003ರಲ್ಲಿ ಪ್ರಕಟಿಸಿದ್ದರು. ಸ್ಪ್ಯಾನಿಷ್ ಮಾತಾಡುವ ಕುಟುಂಬಗಳ 13 ಭೇಟಿಗಳನ್ನು ಧ್ವನಿಮುದ್ರಿಸಿ ನೋಡಿದರೆ, ಒಂದೊಂದು ಭೇಟಿಯಲ್ಲಿ ಸರಾಸರಿ 31 ತಪ್ಪು. ಚಿಕಿತ್ಸೆಗೆ ಪೆಟ್ಟು ಕೊಡಬಲ್ಲ ತಪ್ಪುಗಳು ಆಸ್ಪತ್ರೆಯ ದುಭಾಷಿಗಳಲ್ಲಿ ನೂರಕ್ಕೆ 53, ಸಿಕ್ಕವರಲ್ಲಿ 77. ಹುದ್ದೆಯಲ್ಲಿದ್ದವರೂ ತಪ್ಪುತ್ತಾರೆ ಎಂಬುದನ್ನು ಗಮನಿಸಿ. ಆದರೂ ಆ ಅಂತರ ಸಣ್ಣದಲ್ಲ.

ಬೆಳಿಗ್ಗೆ ರೌಂಡ್ಸಿಗೆ ಬಂದ ವೈದ್ಯರಿಗೆ ಹಾಳೆಯಲ್ಲಿದ್ದದ್ದೂ ಕಣ್ಣಿಗೆ ಕಂಡಿದ್ದೂ ತಾಳೆಯಾಗಲಿಲ್ಲ. ಅವರ ವಾರ್ಡಿನಿಂದ ನಮಗೆ ಫೋನ್ ಬಂತು.

ನಾವು ಕಳಿಸಿದ್ದು ಒಡಿಶಾದ ಮಯೂರ್‌ಭಂಜ್ ಕಡೆಯ ಹೆಂಗಸೊಬ್ಬರನ್ನು. ಶಿವಮೊಗ್ಗದ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ. ಮನೆಮಾತು ಸಂತಾಲಿ. ಒಡಿಯಾ, ಹಿಂದಿ ಊರಿನಿಂದಲೇ ಬಂದವು, ಕನ್ನಡ ಅಡುಗೆಮನೆಯಲ್ಲಿ ಕಲಿತಿದ್ದು. ಡಿಗ್ರಿ ಇಲ್ಲ. ನಮ್ಮಲ್ಲಿ ಕೆಲವು ಭಾನುವಾರ ಕೂತು ಅಭ್ಯಾಸ ಮಾಡಿದ್ದರು.

ಅವರು ಹೋದವರೇ ಕೆಲಸ ಶುರು ಮಾಡಲಿಲ್ಲ. ಮೊದಲು ಆ ತಾಯಿಯ ಜೊತೆ ಊರು, ದಾರಿ, ರೈಲು ಅಂತ ಎರಡು ಮಾತಾಡಿದರು. ದುಮ್ಕಾದ ಸಂತಾಲಿಗೂ ಮಯೂರ್‌ಭಂಜಿನದಕ್ಕೂ ಹೊಂದುತ್ತದೆಯೋ ಇಲ್ಲವೋ ನೋಡಬೇಕಲ್ಲ. ಹೊಂದಿತು. ಆಮೇಲೆ ಮಂಚದ ತಲೆಯ ಬದಿಗೆ, ರೋಗಿಗಿಂತ ಸ್ವಲ್ಪ ಹಿಂದೆ ಕೂತರು. ಅಲ್ಲಿ ಕೂತರೆ ಡಾಕ್ಟರ್ ನೋಡುವುದು ರೋಗಿಯ ಮುಖವನ್ನು, ದುಭಾಷಿಯದ್ದಲ್ಲ. ಕೂತು ಎರಡೂ ಭಾಷೆಯಲ್ಲಿ ಒಂದೇ ಮಾತು ಹೇಳಿದರು: ‘ಇಲ್ಲಿ ಯಾರು ಏನು ಹೇಳಿದ್ರೂ ನಾನು ಇನ್ನೊಬ್ರಿಗೆ ಹೇಳ್ತೀನಿ. ಬಿಡೋದಿಲ್ಲ, ಸೇರಿಸೋದಿಲ್ಲ. ಹೊರಗೆ ಹೋದ್ಮೇಲೆ ಯಾರಿಗೂ ಹೇಳಲ್ಲ.’

ಮೇಸ್ತ್ರಿ ಮಂಚದ ಕಾಲಬದಿಗೆ ನಿಂತಿದ್ದ. ದುಭಾಷಿ ಡಾಕ್ಟರಿಗೆ ಮೆಲ್ಲಗೆ, ‘ಸರ್, ಇಲ್ಲಿ ಯಾರು ಇರಬೇಕು ಅಂತ ಇವರನ್ನೇ ಒಂದ್ಸಲ ಕೇಳಿ’ ಅಂದರು. ಮೇಸ್ತ್ರಿಯನ್ನು ಹೊರಗೆ ಕಳಿಸುವ ಅಧಿಕಾರ ಅವರಿಗಿಲ್ಲ. ಇದನ್ನು ನಾವು ಅಭ್ಯಾಸದಲ್ಲಿ ಪದೇಪದೇ ಹೇಳುತ್ತೇವೆ: ಕೋಣೆ ವೈದ್ಯರದ್ದು, ಗುಟ್ಟು ರೋಗಿಯದ್ದು. ಡಾಕ್ಟರ್ ಕೇಳಿದರು. ಆ ತಾಯಿ ಗಂಡ ಇರಲಿ ಅಂದರು. ಮೇಸ್ತ್ರಿ ಮಗನನ್ನು ಕರೆದುಕೊಂಡು ಟೀ ಕುಡಿಯಲು ಹೋದ.

ಜ್ವರದ ದಿನ, ಮಾತ್ರೆ, ಒಸಡಿನ ರಕ್ತ ಎಲ್ಲ ಸಲೀಸಾಗಿ ಬಂತು. ಕೆಲವು ನೋವಿನ ಮಾತ್ರೆಗಳು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ, ಹಾಗಾಗಿ ಡಾಕ್ಟರಿಗೆ ಅದು ದೊಡ್ಡ ಸುಳಿವು. ಕಾಡಿನ ಪ್ರಶ್ನೆ ಬಂದಾಗ ಮಾತು ನಿಂತಿತು. ಆ ತಾಯಿ ದುಭಾಷಿಯ ಕೈ ಹಿಡಿದು ಪಿಸುಮಾತಿನಲ್ಲಿ ಹೇಳಿದರು: ಸೌದೆಗೆ ಬೆಟ್ಟ ದಾಟಿ ಒಳಗೆ ಹೋಗಿದ್ದೆ, ಇದನ್ನು ಅವರಿಗೆ ಹೇಳಬೇಡ, ಅರಣ್ಯದವರು ಹಿಡಿದುಕೊಂಡು ಹೋಗುತ್ತಾರೆ.

ಇಡೀ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಈ ಒಂದು ನಿಮಿಷ. ಮಾತು ಮುಚ್ಚಿಟ್ಟರೆ ಚಿಕಿತ್ಸೆಗೆ ಬೇಕಾದ ಸುಳಿವು ಹೋಯಿತು, ಮೇಸ್ತ್ರಿ ಮಾಡಿದ್ದನ್ನೇ ಇವರೂ ಮಾಡಿದಂತೆ. ಕೇಳಿಕೊಂಡ ಮೇಲೂ ಹೇಳಿಬಿಟ್ಟರೆ ನಂಬಿಕೆ ಹೋಯಿತು, ಮುಂದಿನ ಪ್ರಶ್ನೆಗೆ ಬಾಯಿ ಮುಚ್ಚಿಕೊಳ್ಳುತ್ತದೆ. ಮೊದಲೇ ‘ಎಲ್ಲ ಹೇಳ್ತೀನಿ’ ಅಂದಿದ್ದೆನಲ್ಲ ಅಂತ ನಿಯಮ ತೋರಿಸಬಹುದಿತ್ತು. ನಿಯಮದ ಪ್ರಕಾರ ಅದು ಸರಿಯೇ. ಆದರೆ ಏಳು ದಿನದ ಜ್ವರದಲ್ಲಿ ಮಲಗಿದವರಿಗೆ ಮೊದಲ ನಿಮಿಷದಲ್ಲಿ ಹೇಳಿದ ನಿಯಮ ನೆನಪಿರುತ್ತದಾ?

ದುಭಾಷಿ ಮಾಡಿದ್ದು ಬೇರೆ. ಡಾಕ್ಟರಿಗೆ ‘ಒಂದು ನಿಮಿಷ ಸರ್, ಇವರಿಗೆ ಒಂದು ವಿಷಯ ಬಿಡಿಸಿ ಹೇಳ್ತಾ ಇದೀನಿ’ ಅಂದರು. ಇಬ್ಬರೇ ಮಾತಾಡಿಕೊಳ್ಳುತ್ತಿದ್ದಾರೆ ಅಂತ ಡಾಕ್ಟರಿಗೆ ಅನುಮಾನ ಬರಬಾರದು, ಅದಕ್ಕೆ. ಆಮೇಲೆ ಆ ತಾಯಿಗೆ: ‘ಇಲ್ಲಿ ಹೇಳಿದ್ದು ಅರಣ್ಯದವರಿಗೆ ಹೋಗುತ್ತಾ ಅಂತ ಮೊದಲು ಡಾಕ್ಟರನ್ನೇ ಕೇಳೋಣ್ವಾ? ಉತ್ತರ ಕೇಳಿ, ಹೇಳೋದು ಬಿಡೋದು ನೀವೇ ನೋಡಿ.’ ಆ ತಾಯಿ ಹೂಂ ಅಂದರು. ಪ್ರಶ್ನೆ ಡಾಕ್ಟರಿಗೆ ಹೋಯಿತು.

ಡಾಕ್ಟರ್ ಒಳ್ಳೆಯವರು, ಪೊಳ್ಳು ಭರವಸೆ ಕೊಡಲಿಲ್ಲ. ‘ಯಾರು ಸೌದೆ ತಂದ್ರು ಅಂತ ನಾನು ಬರೆಯಲ್ಲ. ನನಗೆ ಬೇಕಾಗಿರೋದು ಉಣುಗು ಕಚ್ಚಿರಬಹುದಾ ಅನ್ನೋದು. ಆದರೆ ರಿಪೋರ್ಟು ಮಂಗನ ಕಾಯಿಲೆ ಅಂತ ಬಂದ್ರೆ ಆರೋಗ್ಯ ಇಲಾಖೆಯವರು ಊರಿಗೆ ಬಂದು ವಿಚಾರಿಸ್ತಾರೆ, ಅದನ್ನ ನಾನು ತಡೆಯೋಕಾಗಲ್ಲ’ ಅಂದರು. ಅಷ್ಟೂ ಸಂತಾಲಿಗೆ ಹೋಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಆ ತಾಯಿ ತಾವಾಗಿ ಎಲ್ಲ ಹೇಳಿದರು. ಬೆಟ್ಟದಾಚೆ ಹಳ್ಳದ ಹತ್ತಿರ ಕಪ್ಪು ಮುಖದ ಮಂಗವೊಂದು ಸತ್ತು ಬಿದ್ದಿತ್ತಂತೆ, ವಾಸನೆಗೆ ಮೂಗು ಮುಚ್ಚಿಕೊಂಡು ದಾಟಿದ್ದರಂತೆ. ಕಾಲಿನಿಂದ ಉಣುಗು ಕಿತ್ತು ಒಲೆಗೆ ಹಾಕಿದ್ದೂ ಹೊರಬಂತು. ರಕ್ತ ಪರೀಕ್ಷೆಗೆ ಹೋಯಿತು. ಮಂಗನ ಕಾಯಿಲೆ ಅಂತಲೇ ಬಂತು.

ಆ ಸಂಜೆ ತೋಟದ ಯಜಮಾನರಿಂದ ದುಭಾಷಿಗೆ ಫೋನು. ನಂಬರು ಮೇಸ್ತ್ರಿ ಕೊಟ್ಟಿದ್ದ. ‘ಏನಮ್ಮಾ, ಏನಂತೆ ಅವಳಿಗೆ? ನಮ್ಮ ಮನೇಲೂ ಸಣ್ಣ ಮಕ್ಕಳಿದಾವೆ.’ ಗಾಡಿ ಬಾಡಿಗೆ ಕೊಟ್ಟವರು, ಖರ್ಚು ನೋಡಿಕೊಂಡವರು, ಕೇಳಿದ್ದರಲ್ಲಿ ಕೆಟ್ಟ ಉದ್ದೇಶವೂ ಇರಲಿಲ್ಲ. ದುಭಾಷಿ ‘ನಾನು ಹೇಳೋ ಹಾಗಿಲ್ಲ ಸಾರ್, ಡಾಕ್ಟರನ್ನ ಕೇಳಿ’ ಅಂದರು. ಯಜಮಾನರಿಗೆ ಕೋಪ ಬಂತು. ‘ಅಡುಗೆಯವಳಿಗೆ ಎಷ್ಟು ದಿಮಾಕು’ ಅಂತ ನನಗೆ ಫೋನ್ ಮಾಡಿ ಬೈದರು.

ದುಭಾಷಿ ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಆ ಸರಿಗೆ ಒಂದು ಬೆಲೆ ಬಿತ್ತು. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಇಷ್ಟು ಗೊತ್ತಾಗಿದ್ದರೆ ಬಿಡಾರದಲ್ಲಿ ಗಾಬರಿ ಆಗುತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಎರಡು ಸಂಸಾರ ಗಂಟುಮೂಟೆ ಕಟ್ಟಿಕೊಂಡು ರೈಲು ಹತ್ತಿ ಆಗಿತ್ತು. ನಮ್ಮ ಗುಂಪಿನಲ್ಲೇ ಇದರ ಬಗ್ಗೆ ವಾದ ಆಯಿತು. ರೋಗಿಯ ಹೆಸರೆತ್ತದೆ ‘ಈ ಜ್ವರ ಅಂಟುವುದಿಲ್ಲ’ ಅಂತ ಹೇಳಬಹುದಿತ್ತಲ್ಲ ಎಂದು ಒಬ್ಬರು. ಬಿಡಾರದಿಂದ ಆಸ್ಪತ್ರೆ ಸೇರಿದ್ದೇ ಒಬ್ಬರು, ಹೆಸರೆತ್ತದಿದ್ದರೂ ಯಾರದು ಅಂತ ಗೊತ್ತಾಗುತ್ತದೆ ಎಂದು ಇನ್ನೊಬ್ಬರು. ನಾನು ಎರಡನೆಯವರ ಕಡೆ. ಬಿಡಾರಕ್ಕೆ ಮಾರನೇ ದಿನವೇ ಹೋಗಿ ಹೇಳಬೇಕಾಗಿದ್ದು ಆರೋಗ್ಯ ಸಿಬ್ಬಂದಿ.

ಅವರು ಹೋದರು, ಆದರೆ ತಡವಾಗಿ. ಹೋದಾಗ ಮಾತಿಗೆ ನಿಲ್ಲಿಸಿಕೊಂಡಿದ್ದು ಯಾರನ್ನು? ಅದೇ ಮೇಸ್ತ್ರಿಯನ್ನು! ‘ಯಾರ್ಯಾರು ಬೆಟ್ಟಕ್ಕೆ ಹೋಗ್ತೀರಿ, ಮೈಗೆ ಎಣ್ಣೆ ಹಚ್ಕೊಂಡು ಹೋಗ್ತೀರಾ’ ಅಂತ ಕೇಳಿದರೆ, ಉಣುಗು ಕಚ್ಚದಂತೆ ಹಚ್ಚುವ ಆ ಎಣ್ಣೆ ತಂದುಕೊಡಬೇಕಾದವನೇ ಉತ್ತರ ಹೇಳುತ್ತಿದ್ದ.

ಮೇಸ್ತ್ರಿಯ ಮಾತನ್ನೂ ಇಲ್ಲಿ ಇಡಬೇಕು. ಅವನನ್ನು ಕಳ್ಳ ಅಂತ ಬರೆದು ಮುಗಿಸುವುದು ಸುಲಭ. ಅವನು ಹೇಳಿದ್ದು: ‘ನಾಲ್ಕು ದಿನ ಅಂದ್ರೆ, ನಾಲ್ಕು ದಿನ ಯಾಕೆ ಕರ್ಕೊಂಡು ಬರ್ಲಿಲ್ಲ ಅಂತ ಯಜಮಾನ್ರೂ ಬೈತಾರೆ, ಡಾಕ್ಟ್ರೂ ಬೈತಾರೆ. ಕಾಡು ಅಂದ್ರೆ ಕೇಸು. ಇವರಿಗೆಲ್ಲ ಅಡ್ವಾನ್ಸ್ ಕೊಟ್ಟಿರೋದು ನಾನು, ಓಡಿಹೋದ್ರೆ ನನ್ನ ತಲೆ ಮೇಲೆ. ನಾನೇನು ದುಭಾಷಿ ಅಂತ ಬೋರ್ಡ್ ಹಾಕ್ಕೊಂಡಿದ್ನಾ? ನೀವೇ ಕೂರಿಸಿದ್ರಿ.’ ಈ ಕೊನೆಯ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನಾವು ಭಾಷೆ ಬರುತ್ತದಾ ಅಂತ ಮಾತ್ರ ನೋಡುತ್ತೇವೆ. ಯಾರ ಕಡೆಯವನು, ಯಾರ ದುಡ್ಡು ಅವನ ಕೈಯಲ್ಲಿದೆ ಎಂದು ಕೇಳುವುದಿಲ್ಲ. ಕೋರ್ಟಿನಲ್ಲಿ ಸಾಕ್ಷಿಯ ಮಾತು ಭಾಷಾಂತರ ಮಾಡುವವರು 1969ರ ಪ್ರಮಾಣ ಕಾಯ್ದೆಯಂತೆ ಪ್ರಮಾಣ ಮಾಡಬೇಕು. ಆಸ್ಪತ್ರೆಯಲ್ಲಿ, ಜೀವದ ಪ್ರಶ್ನೆ ಇರುವ ಕಡೆ, ಬಾಗಿಲ ಹತ್ತಿರ ನಿಂತವರನ್ನು ‘ಬಾರಪ್ಪ ಇಲ್ಲಿ’ ಅಂತ ಕರೆದರೆ ಮುಗಿಯಿತು. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ತಂದ ರೋಗಿಗಳ ಹಕ್ಕುಗಳ ಸನ್ನದಿನಲ್ಲೇನೋ ಇದೆ.

ಬಿಡುಗಡೆಯ ದಿನ ಇನ್ನೊಂದು ಇಕ್ಕಟ್ಟು ಬಂತು. ಈ ಕಾಯಿಲೆಯ ಸುಸ್ತು ವಾರಗಟ್ಟಲೆ ಬಿಡುವುದಿಲ್ಲ. ಕೆಲವರಿಗೆ ಜ್ವರ ಬಿಟ್ಟು, ಮೂರನೇ ವಾರದ ಹೊತ್ತಿಗೆ ಮತ್ತೆ ಬರುತ್ತದೆ, ಆಗ ತಲೆನೋವು, ನಡುಕ, ಗೊಂದಲ ಜೊತೆಗೆ. ಹಾಗಾಗಿ ವಿಶ್ರಾಂತಿ ಬೇಕೇ ಬೇಕು. ಗಂಡ ದುಭಾಷಿಯ ಹತ್ತಿರ ಬಂದು, ಯಜಮಾನರಿಗೆ ನೀವೇ ಹೇಳಿ, ಕೂಲಿ ಹಿಡಿಯಬೇಡಿ ಅನ್ನಿ, ನಿಮಗೆ ಅವರ ಭಾಷೆ ಬರುತ್ತಲ್ಲ ಅಂದರು.

ಇಂಥ ಕಡೆ ದುಭಾಷಿ ಏನು ಮಾಡಬೇಕು ಎಂಬುದರಲ್ಲಿ ಹೊರದೇಶದ ನೀತಿಸಂಹಿತೆಗಳೇ ಒಂದಾಗಿಲ್ಲ. ಆಸ್ಟ್ರೇಲಿಯಾದ ದುಭಾಷಿಗಳ ಸಂಘ ಆಸಿಟ್‌ನ 2012ರ ಸಂಹಿತೆ, ಕೆಲಸದ ನಡುವೆ ವಕಾಲತ್ತು, ಸಲಹೆ ಎರಡೂ ಬೇಡ ಅನ್ನುತ್ತದೆ. ಅಮೆರಿಕದ ಆರೋಗ್ಯ ದುಭಾಷಿಗಳ ರಾಷ್ಟ್ರೀಯ ಮಂಡಳಿಯ 2004ರ ಸಂಹಿತೆ, ರೋಗಿಯ ಆರೋಗ್ಯಕ್ಕೋ ಮರ್ಯಾದೆಗೋ ಧಕ್ಕೆ ಬರುವಾಗ ದುಭಾಷಿ ಅವರ ಪರ ನಿಲ್ಲಬಹುದು ಅನ್ನುತ್ತದೆ. ಓದುವಾಗ ಎರಡನೆಯದೇ ಚಂದ ಕಾಣುತ್ತದೆ, ಅಲ್ವಾ? ಆದರೆ ನಮ್ಮಲ್ಲಿ ದುಭಾಷಿ ಎಂದರೆ ದೂರದ ಕಚೇರಿಯಿಂದ ಬಂದು ಹೋಗುವವರಲ್ಲ. ಇವರೂ ಅದೇ ಕೂಲಿ ಜನರ ನಡುವಿನವರು, ಹಾಸ್ಟೆಲಿನ ವಾರ್ಡನ್‌ಗೂ ಯಜಮಾನರಿಗೂ ಗುರುತು ಪರಿಚಯ ಇರುವ ಊರು ಇದು. ಒಂದು ತೋಟದಲ್ಲಿ ಜಗಳಕ್ಕೆ ನಿಂತರೆ ಮುಂದಿನ ತೋಟದವರು ಗೇಟಿನ ಒಳಗೇ ಬಿಡುವುದಿಲ್ಲ, ಇವರ ಕೆಲಸಕ್ಕೂ ಕುತ್ತು. ಹಾಗಾಗಿ ನಮ್ಮದು ಮಾತಾಡುವವರು ಬೇರೆ, ವಾದ ಮಾಡುವವರು ಬೇರೆ ಎಂಬ ಪದ್ಧತಿ. ದುಭಾಷಿ ಗಂಡನಿಗೆ ನನ್ನ ನಂಬರು ಕೊಟ್ಟರು. ಯಜಮಾನರ ಹತ್ತಿರ ಹೋಗಿದ್ದು ನಾನು. ಅರ್ಧ ಕೂಲಿಗೆ ಒಪ್ಪಿದರು. ಅದಕ್ಕಿಂತ ಜಾಸ್ತಿ ಬೀಳಲಿಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ ಎಲ್ಲರೂ ನುಣುಚಿಕೊಳ್ಳುತ್ತಾರೆ. ದುಭಾಷಿಗೆ ಹಾಸ್ಟೆಲಿನಲ್ಲಿ ಎರಡು ದಿನದ ಸಂಬಳ ಹೋಯಿತು. ಆಸ್ಪತ್ರೆಯವರಿಗೆ ಕೊಡುವ ಮನಸ್ಸಿತ್ತು, ಯಾವ ಲೆಕ್ಕದಲ್ಲಿ ಕೊಡುವುದು ಅಂತ ಗೊತ್ತಾಗಲಿಲ್ಲ. ಗಂಡ ಬಿಡುಗಡೆಯ ದಿನ ಇನ್ನೂರು ರೂಪಾಯಿ ಮಡಚಿ ಕೈಗೆ ತುರುಕಿದರು. ದುಭಾಷಿ ವಾಪಸ್ ಕೊಟ್ಟು, ಕ್ಯಾಂಟೀನಿನಲ್ಲಿ ಟೀ ಕುಡಿಸಿ ಸಾಕು ಅಂದರು. ಎರಡು ದಿನದ ಕೂಲಿ ನಮ್ಮ ಗುಂಪಿನ ಡಬ್ಬಿಯಿಂದ ಹೋಯಿತು. ಹೀಗೇ ಪುಕ್ಕಟೆ ಸೇವೆ ಅಂತ ನಡೆಸಿದರೆ ಈ ಕೆಲಸ ಮತ್ತೆ ಮೇಸ್ತ್ರಿಯ ಕೈಗೇ ಹೋಗುತ್ತದೆ. ಅವನಂತೂ ಯಾವತ್ತೂ ಬಿಟ್ಟಿ ಸಿಗುತ್ತಾನೆ.

ಈ ಸಲ ದರಗಿನ ಕೆಲಸ ಶುರುವಾಗುವ ಮುಂಚೆಯೇ ನಾವು ಸಂತಾಲಿ, ಜಾರ್ಖಂಡ್ ಕಡೆಯ ಇನ್ನೊಂದು ಭಾಷೆಯಾದ ಸಾದ್ರಿ ಎರಡರಲ್ಲೂ ಸಣ್ಣ ಆಡಿಯೊ ಮಾಡಿದೆವು. ಬೆಟ್ಟಕ್ಕೆ ಹೋಗುವ ಮುಂಚೆ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ, ಮೈತುಂಬಾ ಬಟ್ಟೆ ಇರಲಿ, ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ಮಂಗ ಸತ್ತಿದ್ದು ಕಂಡರೆ ಆಶಾ ಕಾರ್ಯಕರ್ತೆಗೆ ಹೇಳಿ, ಜ್ವರ ಬಂದರೆ ಅಂಗಡಿಯ ನೋವಿನ ಮಾತ್ರೆ ನುಂಗಬೇಡಿ. ಅದನ್ನು ಬಿಡಾರ ಬಿಡಾರಕ್ಕೆ ವಾಟ್ಸಾಪಿನಲ್ಲಿ ಹಂಚುವ ಕೆಲಸ ಅದೇ ಮೇಸ್ತ್ರಿಗೆ ಕೊಟ್ಟಿದ್ದೇವೆ. ಅದರಲ್ಲಿ ಯಾರ ಗುಟ್ಟೂ ಇಲ್ಲ, ಅವನಷ್ಟು ನಂಬರು ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ. ಆಸ್ಪತ್ರೆಗೆ ರೋಗಿಯನ್ನು ಕರೆತರುವವನೂ ಅವನೇ ಇರಲಿ. ಮಂಚದ ಪಕ್ಕ ಕೂರುವವರ ಪಟ್ಟಿ ಬೇರೆ ಮಾಡಿ ವಾರ್ಡಿನ ಸಿಸ್ಟರ್ ಕೈಗೆ ಕೊಟ್ಟಿದ್ದೇವೆ. ಅವರ ದಿನಗೂಲಿಗೆ ಆಸ್ಪತ್ರೆಗೆ ಬರೆದ ಅರ್ಜಿ ಇನ್ನೂ ಮೇಜಿನ ಮೇಲೇ ಇದೆ.